ಕಡ್ಡಿ ಗೀರುವ ಕೈ

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಅಮ್ಮ ಬಾರಿಸುತ್ತಿದ್ದ ಗಂಟೆಯಿಂದ. ಅಡುಗೆಮನೆಯ ಕಿಟಕಿಯ ಸರಳಿಗೆ ಒಂದು ಕಬ್ಬಿಣದ ಪಟ್ಟಿ ತೂಗುಹಾಕಿತ್ತು; ಅಪ್ಪ ತಾನು ಟರ್ನರ್ ಆಗಿದ್ದ ಕಾರ್ಖಾನೆಯಿಂದ ತಂದದ್ದು. ಅಮ್ಮ ಸೌಟಿನಿಂದ ಒಮ್ಮೆ ಬಾರಿಸಿದರೆ ಏಳಬೇಕು, ಮತ್ತೆ ಬಾರಿಸುವಷ್ಟರಲ್ಲಿ ಹಾಸಿಗೆ ಸುತ್ತಿಟ್ಟು, ಮುಖ ತೊಳೆದು, ಹಜಾರದಲ್ಲಿ ಪ್ರಾರ್ಥನೆಗೆ ಕೂತಿರಬೇಕು. ತಂದೆತಾಯಿಯಿಲ್ಲದೆ ಮಿಷನ್ ಹಾಸ್ಟೆಲಿನಲ್ಲಿ ಬೆಳೆದ ಅಮ್ಮನಿಗೆ ಮನೆಯೆಂದರೆ ಹೀಗೇ ನಡೆಯಬೇಕು ಎನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ಜಯನಗರದ ಆ ಮನೆಗೆ ಒಂದು ಹಜಾರ, ಒಂದು ಮಲಗುವ ಕೋಣೆ, ಅಡುಗೆಮನೆ, ಅದರ ಪಕ್ಕದಲ್ಲಿ ಸೌದೆ, ಇದ್ದಿಲು, ಅಕ್ಕಿಮೂಟೆ ಇಡುವ ಒಂದು ಕತ್ತಲೆ ಕೋಣೆ. ಎಲ್ಲಕ್ಕೂ ಜಾಗವಿತ್ತು, ಎಲ್ಲವೂ ಅದರ ಜಾಗದಲ್ಲಿತ್ತು. ನಾನು ಮುಂದೆ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ಎಷ್ಟೋ ನರ್ಸ್ ಹುಡುಗಿಯರಿಂದ ಬೈಸಿಕೊಂಡದ್ದು, ಈಗ ಜೆ.ಪಿ. ನಗರದ ಫ್ಲಾಟಿನಲ್ಲಿ ಮೊಮ್ಮಕ್ಕಳು ನನ್ನ ಶಿಸ್ತು ನೋಡಿ ನಗುವುದು, ಎರಡಕ್ಕೂ ಕಾರಣ ಆ ಮನೆಯೇ. ಆದರೆ ಗಂಟೆ ಹೊಡೆದು ಏಳಿಸುವುದಷ್ಟೇ ಶಿಸ್ತಲ್ಲ ಎಂದು ನನಗೆ ಗೊತ್ತಾದದ್ದು ಅಜ್ಜಿ ಬಂದ ವರ್ಷ.

ಅಜ್ಜಿ ಎಂದರೆ ಅಪ್ಪನ ತಾಯಿ. ಯಡಿಯೂರಿನ ಕೆರೆಯ ಹಿಂದೆ ದೊಡ್ಡಪ್ಪನ ಮನೆಯಲ್ಲಿದ್ದಳು. ನಮ್ಮ ಮನೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ಆದರೆ ಅಪ್ಪ ಮದುವೆಗೆ ಮುಂಚೆ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದ ಮೇಲೆ ಆ ದಾರಿಯಲ್ಲಿ ನಮ್ಮ ಕಾಲು ಬಿದ್ದದ್ದೇ ಕಡಿಮೆ. ಅವರ ಹೊಲವೆಲ್ಲ ಬಡಾವಣೆಯಾಗಿ ದೊಡ್ಡಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದ. ಅಜ್ಜಿಗೆ ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು. ಒಂದು ಕಣ್ಣಿಗೆ ಮಾಡಿಸಿದ ಆಪರೇಷನ್ ಕೆಟ್ಟಿತು. ಇನ್ನೊಂದನ್ನು ಮುಟ್ಟಲು ಅವಳು ಬಿಡಲಿಲ್ಲ. ಕಣ್ಣು ಪೂರ್ತಿ ಹೋದಮೇಲೆ ಒಂದು ದಿನ ಮನೆದೇವರಿಗೆ ದೀಪ ಹಚ್ಚುವಾಗ ಸೆರಗಿಗೆ ಬೆಂಕಿ ಹತ್ತಿಕೊಂಡಿತು. ಯಾರೋ ನೀರು ಸುರಿದು ಉಳಿಸಿದರು. ದೊಡ್ಡಪ್ಪ ಅವತ್ತೇ ಎಣ್ಣೆ ದೀಪ ತೆಗೆಸಿ, ದೇವರ ಮುಂದೆ ಒಂದು ಕೆಂಪು ಬಲ್ಬು ಹಾಕಿಸಿದ. ಸ್ವಲ್ಪ ದಿನಕ್ಕೆ ಅಜ್ಜಿ, ಒಂದು ಮಣೆ, ಅದರ ಮೇಲಿನ ಮುನೇಶ್ವರನ ಬೆಳ್ಳಿ ಮುಖ, ಒಂದು ಹಿತ್ತಾಳೆ ದೀಪ, ಇಷ್ಟನ್ನೂ ಹಳೆ ಸೀರೆಯಲ್ಲಿ ಗಂಟು ಕಟ್ಟಿಕೊಂಡು, ಬಾಡಿಗೆದಾರರ ಮಗನ ಕೈ ಹಿಡಿದು, ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು.

"ಮುನಿಯ, ನಿಮ್ಮಣ್ಣನ ಮನೇಲಿ ಬಲ್ಬಿಗೆ ಕೈ ಮುಗೀಬೇಕಂತೆ ಕಣ್ಲಾ. ಅದು ಹತ್ತಿದ್ರೆಷ್ಟು, ಆರಿದ್ರೆಷ್ಟು. ಬಿಸೀನೂ ತಗುಲ್ದು, ವಾಸ್ನೆನೂ ಬರ್ದು. ದೀಪ ಇಲ್ದಿರೋ ಮನೇಲಿ ನಾನಿರಲ್ಲ. ಇಲ್ಲಿ ಜಾಗ ಇದ್ರೆ ಹೇಳು, ಇಲ್ದಿದ್ರೆ ಕೆರೆ ಏರಿ ಮೇಲೆ ಕೂತ್ಕೋತೀನಿ."

ಚರ್ಚಿನ ಸಭೆಯಲ್ಲಿ ಅಪ್ಪನ ಹೆಸರು ಸತ್ಯದಾಸ್. ಮುನಿಯ ಎಂದು ಕರೆಯುವವಳು ಅವಳೊಬ್ಬಳೇ. ಅವನು ಗಂಟನ್ನೇ ನೋಡುತ್ತ ನಿಂತಿದ್ದ. ಒಳಗೆ ಅಡುಗೆಮನೆಯಲ್ಲಿ ಅವನಿಗೂ ಅಮ್ಮನಿಗೂ ನಡೆದ ಮಾತು, ದನಿ ಎಷ್ಟೇ ತಗ್ಗಿಸಿದರೂ, ನನ್ನ ಕಿವಿಗೆ ಬಿತ್ತು.

"ಅವ್ವ ಇರ್ಲಿ. ಆ ಮಣೆ ಬೇಡ. ಇಡೀ ಸಭೆ ಮುಂದೆ ನಿಂತ್ಕೊಂಡು ಅದನ್ನೆಲ್ಲ ಬಿಟ್ಟೆ ಅಂತ ಹೇಳಿದೋನು ನಾನು."

"ನೀವು ಬಿಟ್ರಿ. ಅವರು ಬಿಟ್ಟಿಲ್ವಲ್ಲ."

"ಸಭೆ ಮುಂದೆ ನಾನು ಕೊಟ್ಟ ಸಾಕ್ಷಿ ಏನಾಗ್ಬೇಕು, ರತ್ನ?"

"ಕಣ್ಣಿಲ್ಲದ ತಾಯೀನ ಬಾಗಿಲಲ್ಲಿ ನಿಲ್ಸಿದ್ರೆ ಏನಾಗತ್ತೆ? ಮೊದಲು ಒಳಗೆ ಕರ್ಕೊಂಡು ಬನ್ನಿ."

ಅಜ್ಜಿಗೆ ಕತ್ತಲೆ ಕೋಣೆ ಸಿಕ್ಕಿತು. ಅಕ್ಕಿಮೂಟೆ ಹಜಾರಕ್ಕೆ ಬಂತು, ಇದ್ದಿಲು ಹಿತ್ತಲಿಗೆ ಹೋಯಿತು. ಸೋಮವಾರ, ಶನಿವಾರ ಅಜ್ಜಿ ಬಾಡು ತಿನ್ನುವುದಿಲ್ಲವೆಂದು ಆ ದಿನಗಳಲ್ಲಿ ನಮಗೂ ಬಸ್ಸಾರು, ಮುದ್ದೆ. ಇವೆಲ್ಲ ಸುಲಭವಾಗಿತ್ತು. ದೀಪ ಸುಲಭವಾಗಿರಲಿಲ್ಲ. ಮೊದಲ ಬೆಳಗ್ಗೆ ನಮ್ಮ ಪ್ರಾರ್ಥನೆ ಮುಗಿಯುವುದನ್ನೇ ಕಾದಿದ್ದವಳಂತೆ ಅಜ್ಜಿ ಒಳಗಿನಿಂದ ಕೂಗಿದಳು, "ರತ್ನಮ್ಮಾ, ದೀಪ ಹಚ್ಚೀಯೇನವ್ವಾ?" ಅಪ್ಪ ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದ. ಹದಿಮೂರು ತುಂಬಿದ್ದ ನನಗೆ ಉಪಾಯ ಕಣ್ಣೆದುರೇ ಇತ್ತು. ಅಮ್ಮನ ಕಿವಿಯಲ್ಲಿ ಹೇಳಿದೆ.

"ಹಚ್ಚಿದೀನಿ ಅಂತ ಹೇಳ್ಬಿಡಮ್ಮ. ಅವ್ರಿಗೇನು ಕಾಣ್ಸತ್ತಾ?"

ಅಮ್ಮ ನನ್ನ ಕಡೆ ತಿರುಗಿದಾಗ ಹೊಡೆಯುತ್ತಾಳೆಂದುಕೊಂಡೆ.

"ಕಣ್ಣಿಲ್ಲದೋರಿಗೆ ಸುಳ್ಳು ಹೇಳೋದು ಬಹಳ ಸುಲಭ. ಅದಕ್ಕೇ ಹೇಳ್ಬಾರ್ದು."

ಅವಳ ಕಷ್ಟ ಆಗ ನನಗೆ ಅರ್ಧ ಮಾತ್ರ ತಿಳಿಯಿತು. ಬೇರೆ ದೇವರ ಮುಂದೆ ದೀಪ ಹಚ್ಚುವಂತಿಲ್ಲ. ಅದು ಅವಳಿಗೆ ಮಾತು ಬಂದಂದಿನಿಂದ ಬಾಯಿಪಾಠವಾಗಿದ್ದ ಆಜ್ಞೆ. ಸುಳ್ಳು ಹೇಳುವಂತಿಲ್ಲ, ತಾಯಿಯ ಮಾತು ತೆಗೆದುಹಾಕುವಂತಿಲ್ಲ, ಅವೂ ಆಜ್ಞೆಗಳೇ. ಒಂದನ್ನು ಉಳಿಸಿಕೊಂಡರೆ ಇನ್ನೊಂದು ಮುರಿಯುತ್ತಿತ್ತು. ಅಮ್ಮ ಒಂದು ತಂಬಿಗೆ ನೀರು, ಒಂದು ಒದ್ದೆ ಬಟ್ಟೆ, ಬೆಂಕಿಪೆಟ್ಟಿಗೆ, ತನ್ನ ಬೈಬಲ್ಲು ತೆಗೆದುಕೊಂಡು ಕೋಣೆಗೆ ಹೋದಳು. ಅಜ್ಜಿಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಕಡ್ಡಿಯನ್ನು ಅವಳ ಬೆರಳಿಗೆ ಕೊಟ್ಟು, ಆ ಮುಂಗೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಅತ್ತೆ, ಹಚ್ಚೋದು ನೀವು. ನಾನು ನಿಮ್ಮ ಕೈ ಸುಡದ ಹಾಗೆ ನೋಡ್ಕೋತೀನಿ, ಅಷ್ಟೇ."

"ಅಷ್ಟೇ ಸಾಕು ಕಣವ್ವ. ನಿನ್ ದ್ಯಾವ್ರಿಗೆ ನಾನ್ಯಾಕೆ ತೊಂದ್ರೆ ಕೊಡ್ಲಿ."

ಅಜ್ಜಿ ಕಡ್ಡಿ ಗೀರಿದಳು. ಅಮ್ಮ ಆ ಕೈಯನ್ನು ಬತ್ತಿಯವರೆಗೆ ಒಯ್ದು, ಹತ್ತಿದ ಕೂಡಲೇ ಹಿಂದಕ್ಕೆ ತಂದಳು. ಅಜ್ಜಿ ಮುಖಕ್ಕೆ ಬಿಸಿ ತಾಗುವಷ್ಟು ಹತ್ತಿರ ಬಾಗಿ ಕೈಮುಗಿದಳು. ಅಮ್ಮ ಹೊಸ್ತಿಲ ಮೇಲೆ ಕೂತು, ಒಂದು ಕಣ್ಣು ದೀಪದ ಮೇಲಿಟ್ಟುಕೊಂಡೇ, ದಿನದ ಓದಿನ ಭಾಗವನ್ನು ತುಟಿಯಲ್ಲೇ ಓದಿಕೊಂಡಳು. ದೀಪದಲ್ಲಿ ಎಣ್ಣೆ ತೀರುವವರೆಗೆ ಏಳಲಿಲ್ಲ. ಅಂದಿನಿಂದ ಅದೂ ನಮ್ಮ ಮನೆಯ ಕ್ರಮವಾಯಿತು: ಗಂಟೆ, ಪ್ರಾರ್ಥನೆ, ಅಜ್ಜಿಯ ದೀಪ, ತಿಂಡಿ. ಅಪ್ಪ ಮಾತ್ರ ಆ ಹೊತ್ತಿಗೆ ಮನೆಯಲ್ಲಿರುತ್ತಿರಲಿಲ್ಲ. ಗೇಟಿನ ಹೊರಗೆ ನಿಂತು ಬೀದಿ ನೋಡುತ್ತಿದ್ದ. ತಿಂಡಿಗೆ ಬಂದು ಕೂತರೆ ಅಮ್ಮನಿಗೂ ಅವನಿಗೂ ಮಾತಿಲ್ಲ. ತಟ್ಟೆ ಇಡುವ ಸದ್ದು, ಲೋಟ ಇಡುವ ಸದ್ದು. ಸಂಜೆಯ ಪ್ರಾರ್ಥನೆಯಲ್ಲಿ ಅವನು "ನಮ್ಮ ಮನೆಯನ್ನು ಶುದ್ಧಮಾಡು ಕರ್ತನೇ" ಎಂದರೆ ಅಮ್ಮ "ಆಮೆನ್" ಎನ್ನುವ ಮೊದಲು ಒಂದು ಕ್ಷಣ ತಡೆಯುತ್ತಿದ್ದಳು.

ನಮ್ಮ ಚರ್ಚು ವಿಲ್ಸನ್ ಗಾರ್ಡನ್ ಕಡೆಗಿತ್ತು, ಬಸ್ಸಿನಲ್ಲಿ ಹೋಗುತ್ತಿದ್ದೆವು. ಅಲ್ಲಿ ದೇವದಾಸಪ್ಪನವರೆಂಬ ಸಭಾ ಹಿರಿಯರಿದ್ದರು. ಒಂದು ಶನಿವಾರ, ಭಾನುವಾರದ ಹೂವಿನ ಅಲಂಕಾರ ಈ ಸಲ ಅಮ್ಮನ ಪಾಲಿಗೆ ಬಂದಿದೆಯೆಂದು ಹೇಳಲು ಅವರು ಬೆಳಗ್ಗೆಯೇ ಬಂದರು. ಅಪ್ಪ ಗೇಟಿನಲ್ಲೇ ಇದ್ದ. "ಕೂತ್ಕೊಳಿ, ಕರೀತೀನಿ" ಎಂದರೂ ಅವರು, "ಇರ್ಲಿ ಬಿಡಿ, ನಮ್ಮ ಮನೆ ಇದ್ದಂಗೆ" ಎಂದು ಹಿತ್ತಲ ಕಡೆಯಿಂದ ಅಡುಗೆಮನೆಯ ಬಾಗಿಲಿಗೇ ಬಂದುಬಿಟ್ಟರು. ಅವರಿಗೆ ಕಂಡದ್ದು ಇಷ್ಟು: ಮಣೆಯ ಮೇಲೆ ಬೆಳ್ಳಿ ಮುಖ, ಅದರ ಮುಂದೆ ಬಾಗಿದ ಎರಡು ತಲೆ, ಉರಿಯುವ ಕಡ್ಡಿ ಹಿಡಿದ ಕೈ, ಆ ಕೈಯ ಮೇಲೆ ಅಮ್ಮನ ಕೈ. ಅವರು ಹೂವಿನ ಮಾತೆತ್ತಲಿಲ್ಲ. ಗೇಟು ದಾಟುವಾಗ ಅಪ್ಪನಿಗೆ ಹೇಳಿದರು.

"ಸತ್ಯದಾಸ್, ನಿಮ್ಮ ಬಗ್ಗೆ ನಮಗೆ ಭಯ ಇತ್ತು, ಹೊಸದಾಗಿ ಬಂದೋರು ಅಂತ. ಆದ್ರೆ ಜೀವರತ್ನಮ್ಮ ಹುಟ್ಟಿನಿಂದ ನಮ್ಮೋರು!"

ಅದೇ ಸಂಜೆ ಸಭಾಪಾಲಕರು ಬಂದರು. ನಾವು ಅವರನ್ನು ಅಯ್ಯನವರೆಂದು ಕರೆಯುತ್ತಿದ್ದೆವು. ಮಕ್ಕಳು ಕರ್ತನ ಭೋಜನಕ್ಕೆ ಸೇರುವ ಮುಂಚೆ ಆಗಬೇಕಾದ ದೃಢೀಕರಣದ ಪಾಠವನ್ನು ನನಗೆ ಹೇಳುತ್ತಿದ್ದವರು ಅವರೇ. ಹಜಾರದಲ್ಲಿ ಅಕ್ಕಿಮೂಟೆಯ ಪಕ್ಕದ ಕುರ್ಚಿಯಲ್ಲಿ ಕೂತು, ಕಾಫಿ ಮುಟ್ಟದೆ, ಕೇಳಿದ್ದು ನಿಜವೇ ಎಂದರು. ಅಮ್ಮ ಎಲ್ಲವನ್ನೂ ಇದ್ದ ಹಾಗೆ ಹೇಳಿದಳು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

"ಕೈ ಹಿಡಿಯೋದೂ ಹಚ್ಚೋದೂ ಬೇರೆ ಅಂತ ನಿಮಗೆ ಗೊತ್ತು ತಾಯಿ. ನೋಡೋರಿಗೆ ಗೊತ್ತಾಗತ್ತಾ? ಸಭೆಯ ಸಮಿತಿ ಒಂದು ತೀರ್ಮಾನಕ್ಕೆ ಬರೋವರೆಗೂ ನೀವು ಕರ್ತನ ಭೋಜನದ ಸಂಸ್ಕಾರಕ್ಕೆ ಬರೋದು ಬೇಡ."

"ಆಗ್ಲಿ ಅಯ್ಯನವರೇ."

ಅಷ್ಟೇ ಅಂದಳು. ರೊಟ್ಟಿಯ ತುಣುಕು, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವೆಂದರೆ ಅಮ್ಮನಿಗೆ ಏನು ಎಂಬುದನ್ನು ಹೇಳಬೇಕು. ತಂದೆತಾಯಿಯಿಲ್ಲದ ಅವಳಿಗೆ ತನ್ನವರೆಂದು ಒಂದು ಪಂಕ್ತಿ ಇದ್ದರೆ ಅದು ವೇದಿಯ ಮುಂದೆ ಕಟಾಂಜನದ ಕಂಬಿಗೆ ಸೇರಿ ಮೊಣಕಾಲೂರುವ ಪಂಕ್ತಿಯೊಂದೇ. ಹಿಂದಿನ ದಿನವೇ ತಲೆಗೆ ನೀರು ಹಾಕಿಕೊಂಡು, ಬಿಳಿ ಸೀರೆ ಮಡಿಸಿ ದಿಂಬಿನ ಕೆಳಗಿಟ್ಟು, ಬೆಳಗ್ಗೆ ತೊಟ್ಟು ನೀರೂ ಕುಡಿಯದೆ ಹೊರಡುತ್ತಿದ್ದಳು. ಆ ಭಾನುವಾರವೂ ಹಾಗೇ ಹೊರಟಳು. ದೇವದಾಸಪ್ಪನವರು ಬೆಂಚುಗಳ ಕೊನೆಯಲ್ಲಿ ನಿಂತು, ಒಂದೊಂದು ಸಾಲಿಗೂ ಕೈ ಚಾಚಿ ಮುಂದಕ್ಕೆ ಕಳಿಸುವವರು. ನಮ್ಮ ಸಾಲಿಗೆ ಬಂದಾಗ ದೊಡ್ಡವರೆಲ್ಲ ಎದ್ದರು, ಅಪ್ಪನೂ ಎದ್ದ. ಅಮ್ಮ ಏಳಲಿಲ್ಲ. ಹೋಗುವವರಿಗೆ ದಾರಿಯಾಗಲೆಂದು ಮಂಡಿ ಒಂದು ಕಡೆಗೆ ತಿರುಗಿಸಿ, ಕೈ ಮಡಿಲಲ್ಲಿಟ್ಟುಕೊಂಡು, ನೆಟ್ಟಗೆ ಕೂತಳು. ಅವಳ ಮಂಡಿಯನ್ನು ಸವರಿಕೊಂಡೇ ಎಲ್ಲರೂ ದಾಟಿದರು. ಇನ್ನೂ ದೃಢೀಕರಣವಾಗದ ನನ್ನಂಥ ಮಕ್ಕಳ ಜೊತೆ ಬೆಂಚಿನಲ್ಲಿ ಉಳಿದ ದೊಡ್ಡವಳು ಅವಳೊಬ್ಬಳೇ.

ಮನೆಗೆ ಬಂದಾಗ ಅಜ್ಜಿ ಹೆಜ್ಜೆಯ ಸಪ್ಪಳದಲ್ಲೇ ಏನೋ ಹಿಡಿದಳು.

"ಯಾಕವ್ವ ಒಬ್ರೂ ಮಾತಾಡ್ದಂಗೆ ಬಂದ್ರಿ? ಏನಾಯ್ತು?"

ಅಪ್ಪ "ಏನಿಲ್ಲವ್ವ" ಎನ್ನುವಷ್ಟರಲ್ಲಿ ಅಮ್ಮ ಹೇಳಿದಳು, "ನಮ್ಮ ಚರ್ಚಲ್ಲಿ ಎಲ್ಲರೂ ಸೇರಿ ಒಂದು ಊಟ ತಗೋತೀವಲ್ಲ ಅತ್ತೆ, ಅದಕ್ಕೆ ನನ್ನ ಕರೀಲಿಲ್ಲ. ದೀಪದ ವಿಷಯ ಗೊತ್ತಾಯ್ತು."

ಸಂಜೆ ನೋಡಿದರೆ ಅಜ್ಜಿ ಮಣೆಯನ್ನು ಮತ್ತೆ ಹಳೆ ಸೀರೆಯಲ್ಲಿ ಗಂಟು ಕಟ್ಟುತ್ತ ಕೂತಿದ್ದಳು. ಅಮ್ಮ ಹೋಗಿ ಆ ಗಂಟನ್ನು ಬಿಚ್ಚಿದಳು. ಅಜ್ಜಿ ಕಟ್ಟಿದಳು. ಅಮ್ಮ ಬಿಚ್ಚಿದಳು. "ಎಲ್ಲಿಗ್ಹೋಗ್ತೀರ, ಬಲ್ಬಿನ ಮುಂದೆ ಕೂರೋಕಾ?" ಎಂದು ಅಮ್ಮ ಗದರಿದ ಮೇಲೆ ಅಜ್ಜಿ ಕೈ ಬಿಟ್ಟಳು.

ಮುಂದಿನ ವಾರ ಅಮ್ಮನಿಗೆ ಜ್ವರ ಬಂತು. ಏಳಲು ಹೋದವಳು ಗೋಡೆ ಹಿಡಿದುಕೊಂಡು ಕುಸಿದಳು. ಅಂದು ಗಂಟೆ ಬಾರಿಸಲಿಲ್ಲ. ಅದಿಲ್ಲದ ಬೆಳಗು ನನಗೆ ಹೆದರಿಕೆ ತಂದಿತು. ಒಳಗಿನಿಂದ ಅಜ್ಜಿಯ ದನಿ ಬರಲಿಲ್ಲ. ಅವಳು ಕಾಯುತ್ತಿದ್ದಳು, ಕೇಳಲು ಬಾಯಿ ಬರುತ್ತಿರಲಿಲ್ಲ ಎಂದು ನಮಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಬೆಂಕಿಪೆಟ್ಟಿಗೆ ತಡಕುವ ಸದ್ದು ಕೇಳಿತು. ನಾನು ಓಡಿದೆ. ಬಾಗಿಲಲ್ಲಿ ಅಪ್ಪ ನನ್ನ ಭುಜ ಹಿಡಿದು ನಿಲ್ಲಿಸಿದ. "ನೀನು ಬೇಡ" ಎಂದು, ನನ್ನನ್ನು ಹಿಂದಕ್ಕೆ ಸರಿಸಿ, ತಾನೇ ಒಳಗೆ ಹೋದ. ಅಜ್ಜಿ ಬಂದ ಮೇಲೆ ದೀಪದ ಹೊತ್ತಿನಲ್ಲಿ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಅಮ್ಮ ಮಾಡುತ್ತಿದ್ದ ಹಾಗೆಯೇ ಸೆರಗು ಸಿಕ್ಕಿಸಿದ. ಮುಂಗೈ ಹಿಡಿದ. ಲೇತ್ ಯಂತ್ರದ ಮುಂದೆ ನಿಂತು ಒರಟಾಗಿದ್ದ ಕೈ. ಅಜ್ಜಿಯ ಬೆರಳಿನಿಂದ ಕಡ್ಡಿ ಕೆಳಗೆ ಬಿತ್ತು.

"ಮುನಿಯ?"

"ಹೂಂ, ಅವ್ವ. ಹಚ್ಚು."

"ಬ್ಯಾಡ."

"ನಾನು ಹಿಡ್ಕೊಂಡಿದೀನಿ. ಹಚ್ಚವ್ವ, ಸುಡಲ್ಲ."

"ಬ್ಯಾಡ ಕಣಪ್ಪ. ಜನಗೋಳ ಮುಂದೆ ಮಾತು ಕೊಟ್ಟು ಬಿಟ್ಟೋನು ನೀನು. ನನ್ ದೆಸೆಯಿಂದ ನಿನ್ ಮಾತು ಕೆಡ್ಬಾರ್ದು. ಈವತ್ತೊಂದಿನ ಮುನೇಶ್ವರ ಕತ್ಲಲ್ಲಿರ್ತಾನೆ, ಬಿಡು. ನಾನೂ ಕತ್ಲಲ್ಲೇ ಇಲ್ವಾ."

ಅಪ್ಪ ಕೈ ಬಿಡಲಿಲ್ಲ. ಹಚ್ಚದ ದೀಪದ ಮುಂದೆ ತಾಯಿಯ ಮುಂಗೈ ಹಿಡಿದುಕೊಂಡು ಹಾಗೇ ಕೂತಿದ್ದ. ಕಾರ್ಖಾನೆಯ ಬಸ್ಸು ಹೋದದ್ದು ಕೇಳಿಸಿತು. ಜೀವನದಲ್ಲಿ ಒಂದು ದಿನವೂ ಕೆಲಸಕ್ಕೆ ತಡವಾಗದ ಅಪ್ಪ ಅಂದು ಕೆಲಸಕ್ಕೆ ಹೋಗಲೇ ಇಲ್ಲ. ವಿಲ್ಸನ್ ಗಾರ್ಡನ್‌ಗೆ ಹೋಗಿ ಅಯ್ಯನವರ ಮನೆಯ ಬಾಗಿಲು ತಟ್ಟಿದ. ಅವನು ಅಲ್ಲಿ ಏನು ಹೇಳಿದನೋ ನನಗೆ ಗೊತ್ತಿಲ್ಲ, ಅಮ್ಮನಿಗೆ ಹೇಳಿದ್ದು ಮಾತ್ರ ಕೇಳಿದ್ದೇನೆ: "ಸಮಿತಿ ಕೂರೋಕ್ಮುಂಚೆ ಒಂದ್ಸಲ ಬಂದು ಕಣ್ಣಲ್ಲಿ ನೋಡಿ ಅಂದೆ."

ಅಯ್ಯನವರು ಬಂದದ್ದು ಅಮ್ಮ ಜ್ವರ ಬಿಟ್ಟು ಎದ್ದಮೇಲೆ, ಬೆಳಗಿನ ದೀಪದ ಹೊತ್ತಿಗೇ. ಕೈಯಲ್ಲಿ ಒಂದು ಪುಟ್ಟ ಕಪ್ಪು ಪೆಟ್ಟಿಗೆಯಿತ್ತು. ಕಾಯಿಲೆಯವರಿಗೆ ಮನೆಯಲ್ಲೇ ಸಂಸ್ಕಾರ ಕೊಡಲು ಬೇಕಾದ ಬಟ್ಟಲು, ತಟ್ಟೆ ಅದರಲ್ಲಿರುತ್ತಿದ್ದವು. ಅಪ್ಪ ಅವರನ್ನು ಅಡುಗೆಮನೆಯಲ್ಲಿ ನಿಲ್ಲಿಸಿದ. ಅವರು ಎಲ್ಲವನ್ನೂ ನೋಡಿದರು: ಸೊಂಟಕ್ಕೆ ಸಿಕ್ಕಿಸಿದ ಸೆರಗು, ನೀರಿನ ತಂಬಿಗೆ, ಕಡ್ಡಿ, ಎರಡು ಕೈ, ಆಮೇಲೆ ಹೊಸ್ತಿಲ ಮೇಲೆ ಕೂತು ಬೈಬಲ್ಲು ಬಿಚ್ಚಿದ ಅಮ್ಮ. ಎಣ್ಣೆ ತೀರುವವರೆಗೆ ಅವರೂ ನಿಂತೇ ಇದ್ದರು. ಬಂದವರು ಯಾರೆಂದು ಅಪ್ಪ ಹೇಳಿದ ಮೇಲೆ ಅಜ್ಜಿ ಅವನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ನೀವೇನಾ ನನ್ ಸೊಸೇನ ಪಂಕ್ತಿಯಿಂದ ಎಬ್ಸಿದೋರು?"

"ಅವ್ವ, ಸುಮ್ನಿರು," ಎಂದ ಅಪ್ಪ.

"ನೀನ್ ಸುಮ್ಕಿರೋ. ಸ್ವಾಮೇರೆ, ನನ್ ದೊಡ್ಡ ಮಗನ ಮನೆ ಮದ್ವೇಲಿ ಈ ಮುನಿಯ ಎಲೆ ಮುಂದೆ ಕೂತಿದ್ದ. ಕಿರಸ್ತಾನ ಆಗಿ ಜಾತಿ ಕೆಟ್ಟೋನು ಅಂತ ನಮ್ಮೋರು ಎಬ್ಸಿ ಹಿತ್ಲಿಗೆ ಕಳ್ಸಿದ್ರು. ಆವತ್ತು ನಾನು ಅದೇ ಪಂಕ್ತೀಲಿ ಬಾಯ್ಮುಚ್ಕೊಂಡು ಉಂಡೆ. ಆ ಅನ್ನ ಇನ್ನೂ ಅರಗಿಲ್ಲ ನಂಗೆ. ನಿಮ್ಮಲ್ಲಿ ಜಾತಿ ಇಲ್ಲ, ಎಲ್ರೂ ಒಂದೇ ತಟ್ಟೇಲಿ ತಿಂತೀವಿ ಅಂತಲೇ ಇವ್ನು ನಿಮ್ಮ ಹಿಂದೆ ಬಂದಿದ್ದು. ನೀವೂ ಎಬ್ಸೋದೇ ಆದ್ರೆ, ಇವ್ನು ನನ್ನ ಬಿಟ್ಟೋಗಿದ್ದು ಯಾತಕ್ಕೆ?"

ಅಪ್ಪ ಆ ಮದುವೆಯ ಮಾತನ್ನು ಅಮ್ಮನಿಗೂ ಹೇಳಿರಲಿಲ್ಲ. ಅಮ್ಮ ಅವನ ಮುಖ ನೋಡಿದಳು, ಅವನು ನೆಲ ನೋಡಿದ. ಅಯ್ಯನವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ಆ ಪೆಟ್ಟಿಗೆಯನ್ನು ಅಡುಗೆಕಟ್ಟೆಯ ಮೇಲಿಟ್ಟರು.

"ಜೀವರತ್ನಮ್ಮ, ಇಲ್ಲೇ ಪ್ರಾರ್ಥನೆ ಮಾಡಿ ಕೊಡ್ತೀನಿ, ತಗೊಳ್ಳಿ. ಸಮಿತಿಗೆ ಆಮೇಲೆ ನಾನು ಹೇಳ್ಕೋತೀನಿ."

ಅಮ್ಮ ಆ ಪೆಟ್ಟಿಗೆಯ ಕಡೆ ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಸಿದವರ ನೋಟ. ಆದರೂ ಕೈ ಚಾಚಲಿಲ್ಲ.

"ಬೇಡಿ ಅಯ್ಯನವರೇ. ನಾನೀಗ ಕಾಯಿಲೆಯೋಳಲ್ಲ. ಸಭೆ ಮುಂದೆ ಬೇಡ ಅಂದ್ರಿ. ಕೊಡೋದಾದ್ರೆ ಸಭೆ ಮುಂದೇನೇ ಕೊಡಿ."

"ಎಲ್ಲರೂ ಒಪ್ತಾರೆ ಅಂತ ನಾನು ಮಾತು ಕೊಡಕ್ಕಾಗಲ್ಲಮ್ಮ."

"ಮಾತು ಬೇಡ. ನಾನು ಬಂದು ಕೂತಿರ್ತೀನಿ."

ನನಗೆ ದೃಢೀಕರಣವಾಗಿ, ಮೊದಲ ಸಲ ಸಂಸ್ಕಾರ ತೆಗೆದುಕೊಳ್ಳಬೇಕಾದ ಭಾನುವಾರ ಬಂತು. ಸಮಿತಿ ಕೂತು ಜಗಳವಾಡಿ ಏನನ್ನೂ ತೀರ್ಮಾನಿಸದೆ ಎದ್ದಿತ್ತೆಂದು ಸುದ್ದಿ. ಅಜ್ಜಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೊರಟೆವು. ಬಸ್ಸಿನಲ್ಲಿ ನಾನು ಅಮ್ಮನಿಗೆ ಹೇಳಿದೆ, "ನಿನಗೆ ಕೊಡದಿದ್ರೆ ನಾನೂ ತಗೊಳ್ಳಲ್ಲ."

"ಅದು ಬೆದರಿಸೋಕೆ ಇಟ್ಕೊಂಡಿರೋ ಸಾಮಾನಲ್ಲ. ನೀನು ಹೋಗ್ಬೇಕು. ನಾನಿಲ್ಲದಿದ್ರೂ ಹೋಗ್ಬೇಕು."

ಚರ್ಚಿನಲ್ಲಿ ಅಪ್ಪ ಬೆಂಚಿನ ದಾರಿಯ ಕಡೆಯ ತುದಿಯಲ್ಲಿ, ನಾನು ನಡುವೆ, ಅಮ್ಮ ನನ್ನ ಪಕ್ಕ. ಮುಂದಿನ ಸಾಲುಗಳು ಒಂದೊಂದಾಗಿ ಹೋಗಿ ಬಂದವು. ದೇವದಾಸಪ್ಪನವರು ನಮ್ಮ ಸಾಲಿಗೆ ಬಂದರು. ಕೈ ಚಾಚಲಿಲ್ಲ. ಅಪ್ಪ ಏಳಲಿಲ್ಲ. ನಮ್ಮ ಸಾಲಿನ ಉಳಿದವರು ಅರ್ಧ ಎದ್ದು, ಅಪ್ಪನನ್ನು ನೋಡಿ, ಮತ್ತೆ ಕೂತರು. ಕಟಾಂಜನ ಖಾಲಿಯಾಯಿತು. ವೇದಿಯಲ್ಲಿ ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದರು. ಅವರು ಮುಂದಿನ ಸಾಲನ್ನು ಕರೆಯಲಿಲ್ಲ. ಹಾರ್ಮೋನಿಯಂ ನುಡಿಸುತ್ತಿದ್ದವರು ಚರಣ ಮುಗಿಸಿ, ಮತ್ತೆ ಮೊದಲಿನಿಂದ ಹಿಡಿದು, ಅದೂ ಮುಗಿದು ನಿಲ್ಲಿಸಿದರು. ಅಯ್ಯನವರು ನಮ್ಮ ಸಾಲನ್ನು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ತಟ್ಟೆ ಹಿಡಿದ ಕೈಯನ್ನು ಇಳಿಸಲೂ ಇಲ್ಲ.

ದೇವದಾಸಪ್ಪನವರು ಕೈ ಚಾಚಲೇ ಇಲ್ಲ. ಆದರೆ ಒಂದು ಹೆಜ್ಜೆ ಹಿಂದಕ್ಕೆ ಸರಿದು, ಗೋಡೆಯ ಕಡೆಗೆ ಮುಖ ಮಾಡಿ ನಿಂತರು. ಅವರ ಮನೆಯವರು ಆಮೇಲೆ ಯಾವ ಕ್ರಿಸ್ಮಸ್ಸಿಗೂ ನಮ್ಮ ಮನೆಗೆ ಕಾಲಿಡಲಿಲ್ಲ. ಅಂದು ಮಾತ್ರ ದಾರಿ ಬಿಟ್ಟರು. ಅಪ್ಪ ಎದ್ದು ಬೆಂಚಿನಿಂದ ಹೊರಗೆ ಬಂದು, ಮುಂದೆ ಹೋಗದೆ, ಅಮ್ಮನಿಗಾಗಿ ನಿಂತ. ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಡೆದಳು. ನಾವು ಮೂವರೂ ಒಟ್ಟಿಗೆ ಮೊಣಕಾಲೂರಿದೆವು. ಅಮ್ಮನ ಅಂಗೈಯಲ್ಲಿ ರೊಟ್ಟಿಯ ತುಣುಕು ಇಡುವಾಗ ಅಯ್ಯನವರ ಮಾತು ಅರ್ಧಕ್ಕೆ ನಿಂತಿತು. ಹೇಳಬೇಕಾದ ವಾಕ್ಯವನ್ನು ಮತ್ತೊಮ್ಮೆ ಶುರುಮಾಡಿ ಪೂರ್ತಿ ಹೇಳಿದರು. ಹಿಂದೆ ಬೆಂಚುಗಳಲ್ಲಿ ಕೆಲವರು ಎದ್ದು ಹೊರಗೆ ಹೋದ ಸದ್ದು ಕೇಳಿಸಿತು. ಅಮ್ಮ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ.

ಮನೆಗೆ ಬಂದಾಗ ಪಕ್ಕದ ಮನೆಯಾಕೆ ಗೇಟಿನಲ್ಲೇ ದೂರು ಹೇಳಿದರು: ಇಡ್ಲಿ ಕೊಟ್ಟರೆ ಬೇಡವಂತೆ, ಕಾಫಿಯೂ ಬೇಡವಂತೆ, ಮುದುಕಿ ಒಂದೇ ಹಟ. ಅಜ್ಜಿ ಹಜಾರದ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ನಮ್ಮ ಚಪ್ಪಲಿಯ ಸದ್ದಿಗೆ ಕಾಲು ಮಡಚಿಕೊಂಡಳು.

"ರತ್ನಮ್ಮ, ಎಲೆ ಹಾಕಿದ್ರಾ?"

"ಹಾಕಿದ್ರು, ಅತ್ತೆ."

"ಎಲ್ರ ಜೊತ್ಗಾ, ಬ್ಯಾರೆ ಕೂರ್ಸಿದ್ರಾ?"

"ಎಲ್ಲರ ಜೊತೆಗೇ. ಇವರು ಒಂದು ಪಕ್ಕ, ಮಗು ಒಂದು ಪಕ್ಕ."

ಅಜ್ಜಿ ಎರಡೂ ಅಂಗೈಯನ್ನು ನೆಲಕ್ಕೂರಿ ಏಳಲು ನೋಡಿದಳು. ಅಪ್ಪ ಬಗ್ಗಿ ಅವಳ ಮುಂಗೈ ಹಿಡಿದ.

"ಅಂಗಾರೆ ನಂಗೂ ಬಡ್ಸು. ಹಸ್ದು ಕಣ್ಗೆ ಕತ್ಲೆ ಬತ್ತೈತೆ."

ತಾನೇನು ಅಂದೆ ಎಂದು ಹೊಳೆದು ಅವಳೇ ಮೊದಲು ನಕ್ಕಳು. ಆಮೇಲೆ ಅಪ್ಪ ನಕ್ಕ. ಅಮ್ಮ ನಗಲಿಲ್ಲ, ಮಡಿ ಸೀರೆಯಲ್ಲೇ ಒಲೆಯ ಮುಂದೆ ಕೂತು, ಅಳುತ್ತ ಮುದ್ದೆ ತೊಳಸತೊಡಗಿದಳು.